ಸ್ಕ್ರೀನ್ ತೆಗೆಸಿದ ಪಟ್ಟಿಯಕ್ಕ

ರಕ್ತನಿಧಿಯ ಆಫೀಸಿನಲ್ಲಿ ಅವಳನ್ನು ಎಲ್ಲರೂ ಪಟ್ಟಿಯಕ್ಕ ಅಂತಲೇ ಕರೆಯುತ್ತಿದ್ದರು. ಯಾವ ಗುಂಪಿನ ರಕ್ತ ಎಷ್ಟು ಚೀಲ ಇದೆ ಎಂಬ ಪಟ್ಟಿಯನ್ನು ದಿನಾ ಹನ್ನೆರಡು ಗಂಟೆಯೊಳಗೆ ಊರಿನ ಆಸ್ಪತ್ರೆಗಳಿಗೆಲ್ಲ ಕಳಿಸುವವಳು ಅವಳೇ. ಹುಟ್ಟಿನಿಂದಲೂ ಅವಳಿಗೆ ಕಣ್ಣು ಕಾಣದು. ಕಂಪ್ಯೂಟರ್ ಅಕ್ಷರಗಳನ್ನು ಓದಿ ಹೇಳುತ್ತದೆ, ಅವಳು ಕೇಳಿಸಿಕೊಂಡು ಟೈಪ್ ಮಾಡುತ್ತಾಳೆ. ಚಿತ್ರ, ಮೌಸ್ ಯಾವುದರ ಗೊಡವೆಯೂ ಇಲ್ಲದ, ಬರೀ ಅಕ್ಷರಗಳ ಕನ್ಸೋಲ್ ಅದು. ಎಂಟು ವರ್ಷದಲ್ಲಿ ಪಟ್ಟಿ ಒಂದು ದಿನವೂ ತಡವಾಗಿರಲಿಲ್ಲ.

ಇವತ್ತು ಹನ್ನೊಂದಾದರೂ ಹೊಸ ಕಂಪ್ಯೂಟರ್ ತುಟಿಪಿಟಕ್ಕೆನ್ನಲಿಲ್ಲ.

ಅದನ್ನು ಕೂರಿಸಲು ಬಂದಿದ್ದ ತಂತಿಯಣ್ಣ ಬೆವರುತ್ತಿದ್ದ. ಕೊರಳಲ್ಲಿ ಸದಾ ಒಂದು ವಯರ್ ನೇತಾಡಿಸಿಕೊಂಡಿರುತ್ತಿದ್ದುದರಿಂದ ಅವನಿಗೆ ಆ ಹೆಸರು. ತನಗೆ ಕಾಣಬೇಕಲ್ಲ ಎಂದು ಒಂದು ದೊಡ್ಡ ಸ್ಕ್ರೀನನ್ನೂ ಹೊತ್ತು ತಂದು ಜೋಡಿಸಿದ್ದ.

"ಎಲ್ಲಾ ಸರಿಯಾಗೇ ಇದೆ ಅಕ್ಕ. ಓದ್ತಾ ಇದೀನಿ ಅಂತ ಇಲ್ಲೇ ಬರೆದಿದೆ ನೋಡು."

"ಏನಂತ ನೋಡ್ಲಿ ಅಣ್ಣ? ಬರೆದಿದ್ದು ನನ್ನ ಕಿವಿಗೆ ಬೀಳಲ್ವಲ್ಲ."

ಅವನು ಮೂರನೆಯ ಸಲ ಹೆಡ್‌ಫೋನ್ ಬದಲಿಸಿದ. ಕಣ್ಣಿರುವವರ ದೊಡ್ಡ ಕಾಯಿಲೆಯೇ ಇದು, ಕಣ್ಣಿಗೆ ಕಂಡರೆ ಸಾಕು, ಎಲ್ಲ ಸರಿಯಿದೆ ಎಂದುಕೊಳ್ಳುತ್ತಾರೆ.

ಪಟ್ಟಿಯಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಎದ್ದಳು, ಕಿಟಕಿಯವರೆಗೆ ಹೋದಳು, ಮತ್ತೆ ಬಂದಳು. ಕೈಗಡಿಯಾರದ ಮುಚ್ಚಳ ತೆರೆದು ಮುಳ್ಳು ಮುಟ್ಟಿದಳು. ಮುಟ್ಟಿ ಎರಡು ನಿಮಿಷವಾಗಿರಲಿಲ್ಲ, ಮತ್ತೆ ಮುಟ್ಟಿದಳು. ಬೆಳಿಗ್ಗೆ ಮೇಲ್ವಿಚಾರಕರು ಹೇಳಿ ಹೋಗಿದ್ದು ತಲೆಯೊಳಗೆ ಕೊರೆಯುತ್ತಿತ್ತು. "ಹನ್ನೆರಡರೊಳಗೆ ಆಗ್ಲಿಲ್ಲ ಅಂದ್ರೆ ಬಿಟ್ಬಿಡಮ್ಮ. ನಾಳೆಯಿಂದ ಫೋನ್ ಹತ್ರ ಕೂತ್ಕೊ. ಪಟ್ಟಿ ಬೇರೆಯವರು ನೋಡ್ಕೋತಾರೆ." ಗದರಿದ್ದರೆ ತಿರುಗಿಸಿ ಒಂದು ಮಾತಾದರೂ ಹೇಳಬಹುದಿತ್ತು. ಕನಿಕರದಿಂದ ಹೇಳಿದ್ದರು, ಅದಕ್ಕೇ ಅವಳಿಗೆ ಮೈಯೆಲ್ಲ ಉರಿದಿತ್ತು.

"ಅಣ್ಣ, ಧ್ವನಿ ಹೋಗೋಕೆ ಎಷ್ಟು ದಾರಿ ಇದೆ ಅಂತ ತೋರಿಸುತ್ತಲ್ಲ, ಅದನ್ನ ಓದಿ."

"ಎರಡಿದೆ. ಒಂದು ಹೆಡ್‌ಫೋನಿಗೆ, ಅದಿಲ್ದಿದ್ರೆ ಕಂಪ್ಯೂಟರಿನ ಒಳಗಿನ ಸ್ಪೀಕರಿಗೆ. ಇನ್ನೊಂದು ಸ್ಕ್ರೀನಿನ ಕೇಬಲ್ಲಿಗೆ."

"ಈಗ ಯಾವುದರಲ್ಲಿ ಹೋಗ್ತಿದೆ?"

ತಂತಿಯಣ್ಣ ಸ್ಕ್ರೀನಿನತ್ತ ಬಗ್ಗಿ ಓದಿದ. "ಸ್ಕ್ರೀನಿನದು."

"ಆ ಸ್ಕ್ರೀನಿಗೆ ಸ್ಪೀಕರ್ ಇದೆಯಾ?"

ಇರಲಿಲ್ಲ. ಬೆಳಗಿನಿಂದ ಕಂಪ್ಯೂಟರ್ ಬಾಯಿ ಬಡಿದುಕೊಳ್ಳುತ್ತಲೇ ಇತ್ತು, ಬಾಯಿಲ್ಲದ ಗಾಜಿನೊಳಗೆ. ಹಳೆಯ ಕಂಪ್ಯೂಟರಿಗೆ ಈ ಕಾಟ ಇರಲಿಲ್ಲ, ಏಕೆಂದರೆ ಪಟ್ಟಿಯಕ್ಕನಿಗೆ ಯಾತಕ್ಕೆಂದು ಅದಕ್ಕೆ ಯಾರೂ ಸ್ಕ್ರೀನ್ ಹಾಕಿರಲೇ ಇಲ್ಲ.

"ಸ್ಕ್ರೀನ್ ತೆಗೀರಿ."

"ತೆಗೆದ್ರೆ ನಾನು ಹೇಗಕ್ಕ ನೋಡೋದು?"

"ನೀವ್ಯಾಕೆ ನೋಡ್ಬೇಕು?" ಅವಳ ಸ್ವರ ಏರಿತು. "ಕೆಲಸ ಮಾಡೋಳು ನಾನು. ತೆಗೀರಿ ಅಂದೆ!"

ಅವನು ಕೇಬಲ್ ಕಿತ್ತು ಕಂಪ್ಯೂಟರನ್ನು ಮತ್ತೆ ಚಾಲೂ ಮಾಡಿದ. ಅವಳು ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಕೂತಳು. ಫ್ಯಾನ್ ಗುಯ್‌ಗುಟ್ಟಿತು. ಆಮೇಲೆ ಕಿವಿಯಲ್ಲಿ ಒಂದು ಒರಟು ಧ್ವನಿ, ಹೆಸರು ಟೈಪ್ ಮಾಡು ಎಂದಿತು. ಅಷ್ಟು ಇಂಪಾದ ಮಾತನ್ನು ಅವಳು ಆ ವರ್ಷ ಕೇಳಿರಲಿಲ್ಲ. ಓದುವ ವೇಗವನ್ನು ತನ್ನ ಅಳತೆಗೆ ಏರಿಸಿಕೊಂಡು ಕೆಲಸಕ್ಕೆ ಬಿದ್ದಳು.

ಹನ್ನೆರಡಕ್ಕೆ ಐದು ನಿಮಿಷವಿರುವಾಗ ಮೇಲ್ವಿಚಾರಕರು ಬಂದರು. ಸ್ಕ್ರೀನಿಲ್ಲದ ಮೇಜು ನೋಡಿ, "ಇದೇನಮ್ಮ, ಬಿಚ್ಚಿಟ್ಟುಬಿಟ್ರಾ? ಹೋಗ್ಲಿ ಬಿಡು, ಬೇಜಾರು ಮಾಡ್ಕೋಬೇಡ" ಎಂದರು.

ಪಟ್ಟಿಯಕ್ಕ ಹೆಡ್‌ಫೋನಿನ ಪಿನ್ ಎಳೆದುಬಿಟ್ಟಳು. ಒಳಗಿನ ಸ್ಪೀಕರಿನಿಂದ ಗುಂಪುಗಳು, ಚೀಲಗಳು, ಅಂಕಿಗಳು ದಡದಡನೆ ಕೋಣೆಯ ತುಂಬ ಉರುಳಿದವು. ಮೇಲ್ವಿಚಾರಕರು ಬೆಚ್ಚಿ ಒಂದು ಹೆಜ್ಜೆ ಹಿಂದೆ ಸರಿದರು.

"ನಿಧಾನ ಮಾಡಮ್ಮ! ಒಂದಕ್ಷರ ಅರ್ಥ ಆಗ್ತಿಲ್ಲ."

"ನಿಧಾನ ಮಾಡಿದ್ರೆ ಹನ್ನೆರಡು ದಾಟುತ್ತೆ ಸಾರ್." ಬೆರಳು ನಿಲ್ಲಿಸದೆ ಹೇಳಿದಳು. "ಫೋನಿಗೆ ಬೇರೆ ಯಾರನ್ನಾದ್ರೂ ನೋಡ್ಕೊಳ್ಳಿ. ನನಗೆ ಈ ಕುರ್ಚಿನೇ ಬೇಕು."

ಅವರು ಗಡಿಯಾರ ನೋಡುತ್ತ ಅಲ್ಲೇ ನಿಂತರು. ಪಟ್ಟಿ ಹೋಯಿತು ಎಂದು ಕಂಪ್ಯೂಟರ್ ಹೇಳಿದಾಗ ಇನ್ನೂ ಎರಡು ನಿಮಿಷ ಉಳಿದಿತ್ತು. ಅವಳು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟಳು. ನೋಡುವವರು ನೋಡಲಿ ಎಂದು ಅವಳು ಗಟ್ಟಿಯಾಗಿ ಅತ್ತಳು.