ಬೈರನಂಥವರು

ಮಗಳ ಬಾಣಂತನ ಮಾಡಬೇಕಾದ ತಾಯಿ ತಾನೇ ಬಾಣಂತಿಯಾದರೆ ಊರ ಬಾಯಿಗೆ ಬೀಗ ಹಾಕುವವರು ಯಾರು? ಗೊಟ್ಟಿಗೆರೆಯ ಸೊಣ್ಣಮ್ಮ ನಲವತ್ತಮೂರರ ವಯಸ್ಸಿನಲ್ಲಿ ಬೈರನನ್ನು ಹೆತ್ತಾಗ ಹಿರಿಮಗಳು ಲಕ್ಷ್ಮಮ್ಮ ಅದೇ ಕೋಣೆಯಲ್ಲಿ ಚೊಚ್ಚಲ ಮಗುವಿನೊಂದಿಗೆ ಮಲಗಿದ್ದಳು. ಮೊಮ್ಮಗ ಬೆಳೆದು ಶಾಲೆಗೆ ಹೋದ. ಬೈರ ಮಾತ್ರ ಹನ್ನೆರಡು ತುಂಬಿದರೂ ಅದೇ ಓರೆಯಾದ ಸಣ್ಣ ಕಣ್ಣು, ತೊದಲು ನಾಲಿಗೆ, ಬಾಯಿ ತುಂಬ ನಗು ಇಟ್ಟುಕೊಂಡು ಮನೆಯಲ್ಲೇ ಉಳಿದ. ಸುತ್ತಲ ಊರುಗಳಲ್ಲಿ ಅಂಥವರು ಇನ್ನೂ ಒಂದಿಬ್ಬರಿದ್ದರು, ಎಲ್ಲರೂ ಕಡೆಯ ಕೂಸುಗಳೇ.

ಸಾವಿರದ ಒಂಬೈನೂರ ಅರವತ್ತಾರನೇ ಇಸವಿಯಲ್ಲಿ ನರ್ಸ್ ವಾರಿಜಾ ಲೂಪಿನ ಸುದ್ದಿ ತಂದಳು. ಬಸುರಾಗದಂತೆ ಒಳಗೆ ಇಡುವ ಸಣ್ಣ ಪ್ಲಾಸ್ಟಿಕ್ಕಿನ ಸುರುಳಿ ಅದು.

"ವಯಸ್ಸಾದ್ಮೇಲೆ ಹೆತ್ರೆ ಇಂಥ ಮಕ್ಳು ಹುಟ್ಟೋದು ಜಾಸ್ತಿ ಕಣಮ್ಮಾ. ಮೂರಕ್ಕೋ ನಾಕಕ್ಕೋ ನಿಲ್ಸಿದ್ರೆ ಕಮ್ಮಿಯಾಗ್ತವೆ."

ಗ್ರಹಣ, ಪಾಪ, ಶಾಪ ಎಂದು ಊರು ಹೊರಿಸಿದ್ದನ್ನೆಲ್ಲ ಹೊತ್ತಿದ್ದ ಸೊಣ್ಣಮ್ಮನಿಗೆ ಎದೆಯ ಭಾರ ಇಳಿದಂತಾಯಿತು. ಬೈರನನ್ನು ಕರೆದುಕೊಂಡು ನರ್ಸಿನ ಜೊತೆ ತಾನೂ ಮನೆಮನೆ ಹೊಕ್ಕಳು. ಹೆಂಗಸರು ಇವರ ಮಾತು ಕೇಳಿ ಒಪ್ಪುತ್ತಿರಲಿಲ್ಲ, ಬೈರನ ಮುಖ ನೋಡಿ ಒಪ್ಪುತ್ತಿದ್ದರು. ಅದು ತಿಳಿದ ದಿನ ಅವಳು ಮುದ್ದೆಯ ತಟ್ಟೆಯನ್ನು ಹಾಗೇ ಪಕ್ಕಕ್ಕೆ ಸರಿಸಿದಳು. ಆದರೂ ಹೋಗುವುದನ್ನು ಬಿಡಲಿಲ್ಲ.

ಮೂರು ವರ್ಷದಲ್ಲಿ ನಲವತ್ತರ ಬಸುರಿಯರೇ ಅಪರೂಪವಾದರು. ಬೈರನಂಥ ಕೂಸು ಊರಲ್ಲಿ ಮತ್ತೆ ಹುಟ್ಟಲಿಲ್ಲ. ಒಳ್ಳೆಯದೇ ಆಯಿತಲ್ಲ? ಆದರೆ ಸೊಣ್ಣಮ್ಮನಿಗೆ ಹಾಡುಹಗಲಲ್ಲೇ ಬೇಲಿಯಾಚೆ ಅದೇ ಕಣ್ಣು, ಅದೇ ನಗುವಿನ, ಹುಟ್ಟದೇ ಹೋದ ಮಕ್ಕಳು ನಿಂತಂತೆ ಕಾಣತೊಡಗಿತು. ಬೈರ ಆ ಕಡೆ ನೋಡಿ ನಕ್ಕರೆ ಅವಳು ಅವನನ್ನು ಒಳಗೆ ಎಳೆದುಕೊಳ್ಳುತ್ತಿದ್ದಳು. ಬೇಲಿಯ ಹತ್ತಿರ ಹೋಗಿ ನೋಡುವ ಧೈರ್ಯ ಮಾತ್ರ ಬರಲಿಲ್ಲ.

ಕೊನೆಗೆ ಲಕ್ಷ್ಮಮ್ಮನ ಸರದಿ ಬಂತು. ಜಯನಗರದಲ್ಲಿ ಲೂಪು ಹಾಕುವ ಕ್ಯಾಂಪಿನ ಬೆಂಚಿನ ಮೇಲೆ ಅವಳು ಒಮ್ಮೆಲೇ ಅಳುಕಿದಳು.

"ಅವ್ವಾ, ಬೈರ ಹುಟ್ಟೋಕ್ ಮುಂಚೆ ಇದು ಬಂದಿದ್ರೆ ನೀನು ಹಾಕಿಸ್ಕೊತಿದ್ದಾ?"

ಬೈರ ಇಬ್ಬರ ನಡುವೆ ಕೂತು ಕಡಲೆಕಾಯಿ ಬಿಡಿಸುತ್ತಿದ್ದ. ಇಲ್ಲ ಎಂದರೆ ಮಗಳು ಎದ್ದು ಹೊರಡುತ್ತಾಳೆ, ಐದು ಹೆತ್ತು ಸುಣ್ಣವಾಗಿರುವವಳು. ಇನ್ನೊಂದು ಬಸುರು ತಡೆಯುವ ಜೀವವಲ್ಲ ಅದು.

"ಹಾಕಿಸ್ಕೊತಿದ್ದೆ ಕಣೇ," ಎಂದಳು ಸೊಣ್ಣಮ್ಮ. ಮಗಳಿಗಾಗಿ ಹೇಳಿದ ಸುಳ್ಳೇನೂ ಅಲ್ಲ ಅದು.

ಕಡಲೆಕಾಯಿ ಬಿಡಿಸುವ ಸದ್ದು ನಿಂತಿತು.

"ಅವನಿಗೇನ್ ತಿಳೀತದೆ ಬಿಡು," ಎಂದು ಲಕ್ಷ್ಮಮ್ಮ ಒಳಗೆ ಹೋದಳು.

ಸಂಜೆ ಬಸ್ಸಿಳಿದು ಊರ ದಾರಿ ಹಿಡಿದಾಗ ಸೊಣ್ಣಮ್ಮ ಕೈ ಚಾಚಿದಳು. ಬೈರ ಅದನ್ನು ಹಿಡಿಯದೆ ಅವಳನ್ನು ಸುತ್ತಿ ಹೋಗಿ ಅಕ್ಕನ ಸೆರಗು ಹಿಡಿದ.