ಗಡುವಿಗೆ ಮುಂಚೆ ಒಂದು ಅರ್ಜಿ

ಟೈಲರಮ್ಮನ ಗಂಡ ಜೈಲು ಸೇರಿ ಎರಡು ವರ್ಷವಾಗಿತ್ತು. ಮಾಡದ ತಪ್ಪಿಗೆ ಏಳು ವರ್ಷದ ಶಿಕ್ಷೆ ಎಂಬುದು ಅವಳ ಅಳಲು. ಮೇಲಿನ ಕೋರ್ಟಿಗೆ ಹಾಕಿದ ಮೇಲ್ಮನವಿ ಒಂದೇ ಉಳಿದ ದಾರಿ. ಅದಕ್ಕೆ ಲಿಖಿತ ವಾದ ಕೊಡಲು ಗಡುವಿತ್ತು. ಆದರೆ ಸಾಕ್ಷಿಗಳ ಹೇಳಿಕೆಯ ನಕಲೇ ಕೈಗೆ ಬಂದಿರಲಿಲ್ಲ. ಅದಿಲ್ಲದೆ ವಕೀಲರು ಏನು ಬರೆದಾರು?

"ನಕಲಿಗೆ ಅರ್ಜಿ ಹಾಕಿದ ರಸೀದಿ ತಂದುಕೊಡಮ್ಮ, ಸಮಯ ಕೇಳೋಣ" ಎಂದು ವಕೀಲರು ಹೇಳಿದ್ದರು. ಇವಳು ರಸೀದಿಯನ್ನು ಹೊಲಿಗೆ ಮೆಷಿನ್ನಿನ ಡ್ರಾಯರಿನಲ್ಲಿಟ್ಟು ಸುಮ್ಮನಾದಳು. ಅವಳ ಕಸುಬಿನ ಬುದ್ಧಿಯೇ ಹಾಗೆ. ತಡವಾಗುತ್ತದೆ ಎಂದು ತಾನಾಗಿ ಬಾಯಿಬಿಟ್ಟರೆ ಗಿರಾಕಿ ಬಟ್ಟೆ ವಾಪಸ್ ಕೇಳುತ್ತಾನೆ. ಅವನೇ ಬಂದು ರೇಗಿದಾಗ "ಗುಂಡಿ ಒಂದು ಬಾಕಿ, ನಾಳೆ ಬನ್ನಿ" ಎಂದರಾಯಿತು.

ತನ್ನ ಮಗಳ ಯೂನಿಫಾರ್ಮ್ ಒಯ್ಯಲು ಬಂದ ಕಾನೂನು ನೆರವು ಕೇಂದ್ರದ ಕಾರ್ಯಕರ್ತೆ ಮೇಲ್ಮನವಿಯ ವಿಷಯ ತಿಳಿದು ಕೇಳಿದಳು, "ಗಡುವು ಯಾವತ್ತಕ್ಕ?"

"ನಿನ್ನೆ ಮುಗೀತು. ಕೋರ್ಟಿನವರು ಕರೆದಾಗ ಕೈಮುಗಿದು ಕೇಳೋಣ ಅಂತಿದ್ದೆ."

ಕಾರ್ಯಕರ್ತೆ ಸ್ಟೂಲಿನ ಮೇಲೆ ಕುಸಿದು ಕೂತಳು. "ಅಯ್ಯೋ ಅಕ್ಕಾ, ಕೋರ್ಟು ನಿಮ್ಮ ಗಿರಾಕಿ ಅಲ್ಲ, ಹುಡುಕಿಕೊಂಡು ಬರೋಕೆ."

ಮೂಲೆಯಲ್ಲಿ ಅಂಗಿಯ ಗುಂಡಿಗಳಿಗೆ ಕಾಜಾ ಹಾಕುತ್ತಿದ್ದ ಅತ್ತೆ ತಲೆಯೆತ್ತಿದಳು. "ತಡ ಅಂತ ನಾವೇ ಒಪ್ಪಿಕೊಂಡ್ರೆ ಜಡ್ಜಿಗೆ ಸಿಟ್ಟು ಬರಲ್ವೇನಮ್ಮ?"

"ಕೇಳೋದು ತಪ್ಪಲ್ಲ ಅಜ್ಜಿ. ಯಾಕೆ ತಡ, ಎಷ್ಟು ದಿನ ಬೇಕು ಅಂತ ಗಡುವಿನೊಳಗೇ ಅರ್ಜಿ ಕೊಟ್ಟಿದ್ರೆ, ಕಾರಣ ನೋಡಿ ಸಮಯ ಕೊಡಬಹುದಿತ್ತು. ಕೇಳದೇ ಇದ್ರೆ ನಮ್ಮ ವಾದ ಇಲ್ಲದೇ ತೀರ್ಪು ಬಂದುಬಿಡಬಹುದು."

"ಊರು ಕೊಳ್ಳೆ ಹೋದ ಮೇಲೆ ಕೋಟೆ ಬಾಗಿಲು ಹಾಕಿದ ಹಾಗಾಯ್ತಲ್ಲೇ!" ಅತ್ತೆ ಹಣೆ ಚಚ್ಚಿಕೊಂಡಳು.

"ಈಗ ತಡಕ್ಕೆ ಕ್ಷಮೇನೂ ಕೇಳಬೇಕು, ಸಮಯಾನೂ ಕೇಳಬೇಕು. ಕೊಟ್ಟೇ ಕೊಡ್ತಾರೆ ಅಂತ ನಾನು ಹೇಳಲಾರೆ. ಏಳಿ, ರಸೀದಿ ತಗೊಳ್ಳಿ."

ಅಂದೇ ವಕೀಲರು ಅರ್ಜಿ ಸಲ್ಲಿಸಿದರು. ವಾರ ಕಳೆಯಿತು, ಆದೇಶ ಬರಲಿಲ್ಲ. ಜೈಲಿನ ಜಾಲರಿಯಾಚೆಯಿಂದ ಗಂಡ ಕೇಳಿದ, "ನನ್ನ ಮಾತು ಕೋರ್ಟಿಗೆ ಮುಟ್ತಾ?"

ಟೈಲರಮ್ಮ ಜೊತೆಗೆ ಬಂದಿದ್ದ ಅತ್ತೆಯ ಮುಖ ನೋಡಿದಳು. ಅತ್ತೆಯೇ ಹೇಳಿದಳು, "ಇನ್ನೂ ಇಲ್ಲ ಕಣಪ್ಪ. ಹೊತ್ತಿಗೆ ಸರಿಯಾಗಿ ಕೇಳಬೇಕಿತ್ತು, ನಾವು ಕೇಳಲಿಲ್ಲ."

ನಿಮ್ಮವರ ಮೇಲ್ಮನವಿಯೂ ಕೋರ್ಟಿನಲ್ಲಿದೆಯೇ? ಗಡುವು ಯಾವತ್ತೆಂದು ಇವತ್ತೇ ವಕೀಲರನ್ನು ಕೇಳಿ. ಕಾಗದಪತ್ರ ಬರುವುದು ತಡವಾಗುವಂತಿದ್ದರೆ ಗಡುವು ಮುಗಿಯುವ ಮುಂಚೆಯೇ ಕಾಲಾವಕಾಶದ ಅರ್ಜಿ ಹಾಕಿಸಿ. ವಕೀಲರಿಲ್ಲವೇ? ಉಚಿತ ಕಾನೂನು ನೆರವು ಕೇಂದ್ರಕ್ಕೆ ಹೋಗಿ. ಒಳಗಿರುವವರು ಹೊರಬಂದು ಕೇಳಲಾರರು. ಅವರ ಪರವಾಗಿ ನೀವು ಬಾಯಿ ಬಿಡಬೇಕು.