ಎಡಬಿಡಂಗಿ ಗಾಡಿ

ಲೇಕ್ ಮಾರ್ಕೆಟ್ಟಿನ ಮುರಾರಿ ಭಟ್ಟರು ತಪ್ಪು ಒಪ್ಪಿಕೊಂಡದ್ದನ್ನು ಕಂಡವರು ಯಾರೂ ಇಲ್ಲ. ಸಾಂಬಾರಿಗೆ ಉಪ್ಪು ಹೆಚ್ಚಾದರೆ ಅದು ಉಪ್ಪಿನ ತಪ್ಪು, ಅನ್ನ ಮುದ್ದೆಯಾದರೆ ಅಕ್ಕಿ ಹೊಸದು. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವ ಪೈಕಿ ಅವರು. ಹಾಗೆಂದು ಅವರ ಕೈ ಕೆಟ್ಟದ್ದಲ್ಲ, ದೇವರಾಣೆಗೂ ಅಲ್ಲ. ಉಡುಪಿ ಬಿಟ್ಟು ಬಂದು ನಲವತ್ತು ವರ್ಷವಾಯಿತು, ಕೋಲ್ಕತ್ತದಲ್ಲಿ ಕನ್ನಡದವರ ಮದುವೆ, ಮುಂಜಿ, ಗೃಹಪ್ರವೇಶ ಏನೇ ಇರಲಿ, ಎಲೆಯ ಮುಂದೆ ಕೂತವರು ಮೊದಲು ಕೇಳುವುದು “ಅಡುಗೆ ಮುರಾರಿ ಭಟ್ಟರದ್ದಾ?” ಎಂದೇ.

ಇಂಥವರಿಗೆ ಒಬ್ಬಳೇ ಮಗಳು, ಪ್ರಣೀತಾ. ನ್ಯೂ ಟೌನಿನಲ್ಲಿದ್ದ ಆಫೀಸಿನ ಕೆಲಸ ಬಿಟ್ಟು “ಅಪ್ಪ, ಇನ್ನು ನಾನೂ ಕೇಟರಿಂಗೇ” ಎಂದು ಬಂದವಳು. ಬಂದವಳು ಸುಮ್ಮನೆ ಕೂತಳೇ? ದೀಪಾವಳಿಗೆ ಒಂದು ಪಿಕಪ್ ತಂದು ಮನೆ ಮುಂದೆ ನಿಲ್ಲಿಸಿಬಿಟ್ಟಳು. ಮುಂದೆ ನಾಲ್ಕು ಬಾಗಿಲು, ಐದು ಸೀಟು. ಹಿಂದೆ ಮಂಚದಷ್ಟು ಅಗಲದ ತೆರೆದ ತೊಟ್ಟಿ. ಅದರ ಹಿಂದೆ ಒಂದು ಕಬ್ಬಿಣದ ಕೊಂಡಿ. ತಿಂಗಳು ಕಳೆಯುವುದರೊಳಗೆ ಆ ಕೊಂಡಿಗೆ ಟ್ರೈಲರೂ ಬಂತು. ತಗ್ಗಾದ ಮೈ, ಎರಡು ಚಕ್ರ, ಒಳಗೆ ಇಡ್ಲಿ ಬೇಯಿಸುವ ಬಾಯ್ಲರು, ಒಲೆ, ಗ್ರೈಂಡರ್ ಇಡಲು ಜಾಗ. ಅಡುಗೆಮನೆಗೇ ಚಕ್ರ ಕಟ್ಟಿದ ಹಾಗೆ.

“ಇದೆಂತ ಎಡಬಿಡಂಗಿ ಗಾಡಿ ಮಗಾ?” ಅಂದರು ಮುರಾರಿ. “ಅತ್ತ ಲಾರಿಯೂ ಅಲ್ಲ, ಇತ್ತ ಕಾರೂ ಅಲ್ಲ. ಜನ ತುಂಬಿಸಿದ್ರೆ ಪಾತ್ರೆ ಎಲ್ಲಿ ಇಡುದು?”

“ಅದಕ್ಕೇ ಅಲ್ವಾ ಟ್ರೈಲರ್? ಎಳೆಯುವ ತಾಕತ್ ಉಂಟು ಅಪ್ಪ ಇದಕ್ಕೆ. ನೀವು ಏಕ್ ಬಾರ್ ನೋಡಿ.” ಇಲ್ಲೇ ಹುಟ್ಟಿ ಬೆಳೆದ ಹುಡುಗಿ, ಅವಳ ಕನ್ನಡದಲ್ಲಿ ಹಿಂದಿ, ಬಂಗಾಳಿ ಎಲ್ಲ ಅಕ್ಕಿಯೊಳಗಿನ ಕಲ್ಲಿನಂತೆ ಹಲ್ಲಿಗೆ ಸಿಗುತ್ತವೆ.

ಮುರಾರಿಯ ತಮ್ಮನ ಮಗ ಗುರುಪ್ರಸಾದನಿಗೆ ಸಾಲ್ಟ್ ಲೇಕಿನಲ್ಲಿ ಸ್ವಂತ ಹೋಟೆಲು. ಅವನಂತೂ ಗಾಡಿಯನ್ನು ಒಂದು ಸುತ್ತು ಹಾಕಿ ನಕ್ಕ. “ಎರಡು ಟೆಂಪೋ ಬಾಡಿಗೆಗೆ ಹಿಡಿದ್ರೆ ಮುಗೀತಲ್ಲ ದೊಡ್ಡಪ್ಪ. ಇದೊಂದು ಶೋಕಿ.”

ಪರೀಕ್ಷೆಗೆ ಹೆಚ್ಚು ದಿನ ಕಾಯಬೇಕಾಗಲಿಲ್ಲ. ರೈಲ್ವೆಯಿಂದ ನಿವೃತ್ತರಾದ ಧಾರವಾಡದ ರಂಗನಾಥರಾಯರು ನ್ಯೂ ಟೌನಿನ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಇರುವವರು. ಅಲ್ಲಿನ ಸಭಾಭವನದಲ್ಲೇ ಮೊಮ್ಮಗಳ ಮದುವೆ. ಒಂಬತ್ತಕ್ಕೆ ಮುಹೂರ್ತ, ಅದಕ್ಕೂ ಮೊದಲು ಏಳೂವರೆಗೆ ಮುನ್ನೂರು ಜನಕ್ಕೆ ತಿಂಡಿ. ರಾಯರದು ಒಂದೇ ಹಟ: ಇಡ್ಲಿ ಅಲ್ಲೇ ಬೇಯಬೇಕು, ಹಬೆಯಾಡುತ್ತ ಎಲೆಗೆ ಬೀಳಬೇಕು. ಆದರೆ ಆ ಗೇಟಿಗೆ ಅಡ್ಡಲಾಗಿ ಒಂದು ಕಬ್ಬಿಣದ ಕಂಬಿ, ಎತ್ತರದ ಟೆಂಪೋ ಕೆಳಗೆ ನುಗ್ಗುವುದಿಲ್ಲ. ಪ್ರಣೀತಾ ಹೋಗಿ ಟೇಪು ಹಿಡಿದು ಅಳೆದು ಬಂದಿದ್ದಳು. ಪಿಕಪ್ಪು, ಟ್ರೈಲರು ಎರಡೂ ಹಿಡಿಸುತ್ತವೆ.

“ಆಗ್ಲಿ,” ಅಂದರು ಮುರಾರಿ, ಗುರುಪ್ರಸಾದನ ಎದುರಿಗೇ. “ಏಳೂವರೆಗೆ ಎಲೆಗೆ ಇಡ್ಲಿ ಬಿದ್ರೆ ನಿನ್ನ ಗಾಡಿ ಇರ್ಲಿ. ಬೀಳದಿದ್ರೆ ಗಾಡಿ ಮಾರುದು, ಕೇಟರಿಂಗ್ ಗುರು ನೋಡಿಕೊಳ್ತಾನೆ, ನೀನು ವಾಪಸ್ ಆಫೀಸಿಗೆ ಹೋಗುದು. ನಲವತ್ತು ವರ್ಷದ ಹೆಸರು ಮಗಾ, ಆಟಕ್ಕೆ ಕೊಡ್ಲಿಕ್ಕೆ ಆಗುದಿಲ್ಲ.”

ಪ್ರಣೀತಾ ಗಾಡಿಯ ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದಳು. “ಸರಿ,” ಅಂದಳು. ಆ ಒಂದು ಮಾತು ಕೇಳಿ ಅಪ್ಪನ ಎದೆ ಚುರ್ ಎಂದಿತು. ಆದರೆ ಆಡಿದ ಮಾತು ಹಿಂದೆ ತೆಗೆದುಕೊಂಡರೆ ಅವರು ಮುರಾರಿ ಭಟ್ಟರು ಹೇಗಾದಾರು?

ಮದುವೆಯ ದಿನ ಬೆಳಕು ಹರಿಯುವ ಮೊದಲೇ ಸಾಮಾನು ತುಂಬುವ ಕೆಲಸ ಶುರುವಾಯಿತು. ಅಡುಗೆಯವರು ಮೊದಲ ಬಸ್ಸಿಗೇ ಹೋಗಿಯಾಗಿತ್ತು. ತುಂಬುವುದು ಮುರಾರಿಯದೇ ಕೆಲಸ, ಅದಕ್ಕೆ ಅವರದೇ ಶಾಸ್ತ್ರ: ಮೊದಲು ಬೇಕಾದದ್ದು ಕೊನೆಗೆ ಹತ್ತಬೇಕು, ಬಾಗಿಲ ಬಳಿಯೇ ಇರಬೇಕು. ಹೋದ ಕೂಡಲೇ ಬೇಕಾಗುವುದು ಏನು? ಚಟ್ನಿ ರುಬ್ಬಲು ಕಲ್ಲಿನ ಗ್ರೈಂಡರು, ಬಾಯ್ಲರಿಗೆ ನೀರು. ಹಾಗಾಗಿ ಆನೆಭಾರದ ಗ್ರೈಂಡರೂ ತುಂಬಿದ ನೀರಿನ ಡ್ರಮ್ಮೂ ಟ್ರೈಲರಿನ ಹಿಂಬಾಗಿಲಲ್ಲಿ ಕೂತವು. ಎಲೆ, ಲೋಟ, ಬುಟ್ಟಿಗಳೆಲ್ಲ ಮುಂದಕ್ಕೆ.

“ಅಪ್ಪ, ಹೀಗೆ ಬೇಡ. ಭಾರ ಮುಂದೆ ಇರ್ಬೇಕು. ಹಿಂದೆ ಭಾರ ಆದ್ರೆ ಟ್ರೈಲರ್ ಬಾಲ ಆಡಿಸ್ತದೆ.”

“ನೀನು ಹುಟ್ಟುವ ಮೊದಲಿಂದ ಲೋಡ್ ಮಾಡ್ತಾ ಬಂದವ ನಾನು. ನನಗೆ ಹೇಳಿಕೊಡ್ಲಿಕ್ಕೆ ಬರ್ಬೇಡ. ಹೊತ್ತಾಯ್ತು, ಹೊರಡು!”

ಹೊರಟರು. ಮುರಾರಿ ಮುಂದಿನ ಸೀಟಿನಲ್ಲಿ. ಹಿಂದಿನ ಸೀಟಿನಲ್ಲಿ ಇಡ್ಲಿ ಹಿಟ್ಟಿನ ನಾಲ್ಕು ಕ್ಯಾನುಗಳು, ಅವುಗಳ ನಡುವೆ ಗುರುಪ್ರಸಾದ. ಹಿಟ್ಟು ಹುಳಿಯಾಗದಂತೆ ಏಸಿ ಹಾಕಿತ್ತು. ಟೆಂಪೋದಲ್ಲಿ ಬಿಸಿಲಿಗೆ ಉಕ್ಕಿ ಹುಳಿಹಿಡಿಯುತ್ತಿದ್ದ ಹಿಟ್ಟು ಇಲ್ಲಿ ಸಾಹೇಬರ ಹಾಗೆ ಕೂತು ಬರುತ್ತಿತ್ತು. ಇದೊಂದು ಪರವಾಗಿಲ್ಲ ಎಂದು ಮುರಾರಿಗೆ ಅನ್ನಿಸಿತು, ಹೇಳಲಿಲ್ಲ.

ಪ್ರಣೀತಾ ನಲವತ್ತರ ಮೇಲೆ ಓಡಿಸಲೇ ಇಲ್ಲ. ಬೈಪಾಸಿನಲ್ಲಿ ಒಂದು ಬಸ್ಸು ಬುಸ್ಸೆಂದು ಪಕ್ಕದಲ್ಲೇ ಹಾದುಹೋಯಿತು ನೋಡಿ, ಅಷ್ಟೇ ಸಾಕಾಯಿತು. ಹಿಂದಿನಿಂದ ಯಾರೋ ಗಾಡಿಯ ಸೊಂಟ ಹಿಡಿದು ಜಗ್ಗಿದಂತಾಯಿತು. ಎಡಕ್ಕೆ, ಬಲಕ್ಕೆ, ಮತ್ತೆ ಎಡಕ್ಕೆ. ಕನ್ನಡಿಯಲ್ಲಿ ಟ್ರೈಲರು ಒಮ್ಮೆ ಈ ಕಡೆ ಕಂಡರೆ ಒಮ್ಮೆ ಆ ಕಡೆ. “ಅಯ್ಯೋ ಕೃಷ್ಣಾ! ಬ್ರೇಕ್ ಹಾಕು, ಬ್ರೇಕ್!” ಎಂದು ಗುರುಪ್ರಸಾದ ಹಿಟ್ಟಿನ ಕ್ಯಾನನ್ನು ಅಪ್ಪಿಕೊಂಡು ಕೂಗಿದ.

ಅವಳು ಬ್ರೇಕ್ ಹಾಕಲಿಲ್ಲ. ಸ್ಟೀರಿಂಗನ್ನು ನೇರ ಹಿಡಿದು ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆದಳು. ಗಾಡಿ ನಿಧಾನವಾಯಿತು, ಟ್ರೈಲರು ಇನ್ನೆರಡು ಸಲ ಆಡಿ ಸುಮ್ಮನಾಯಿತು. ಆಮೇಲೆ ರಸ್ತೆಯ ಅಂಚಿಗೆ ತಂದು ನಿಲ್ಲಿಸಿದಳು. ಮುರಾರಿ ನೋಡುತ್ತಿದ್ದದ್ದು ಅವಳ ಕೈಗಳನ್ನು. ಒಂದಿಷ್ಟೂ ನಡುಗಿರಲಿಲ್ಲ. ಕುದಿಯುವ ಎಣ್ಣೆಯ ಮುಂದೆ ತನ್ನ ಕೈ ಇರುವುದೂ ಹೀಗೆಯೇ ಎಂದು ಅವರಿಗೆ ಗೊತ್ತಿತ್ತು.

“ನಾನು ಹೇಳಿದ್ದಲ್ವಾ ದೊಡ್ಡಪ್ಪ?” ಗುರುಪ್ರಸಾದ ಇಳಿದವನೇ ಫೋನು ತೆಗೆದ. “ಎಳೆಯುವ ಗಾಡಿಯೇ ಅಲ್ಲ ಇದು. ಟೆಂಪೋ ಕರೆಸ್ತೇನೆ, ಒಂದು ಗಂಟೆಯೊಳಗೆ ಬರ್ತದೆ.”

ಆರು ಹೊಡೆದಿತ್ತು. ಇನ್ನೊಂದು ಗಂಟೆಗೆ ಟೆಂಪೋ ಬಂದರೆ ಏಳೂವರೆಗೆ ಇಡ್ಲಿ ಎಲ್ಲಿಂದ? ಬಂದರೂ ಆ ಗೇಟಿನ ಕಂಬಿಯ ಕೆಳಗೆ ನುಗ್ಗುವುದೆಲ್ಲಿ?

ಪ್ರಣೀತಾ ವಾದಕ್ಕೆ ಹೋಗಲಿಲ್ಲ. ಟ್ರೈಲರಿನ ಚಕ್ರಗಳಿಗೆ ಕಲ್ಲು ಕೊಟ್ಟಳು, “ದೂರ ನಿಂತು ನೋಡಿ, ಭಾರ ಎಲ್ಲಿ ಉಂಟು ಅಂತ” ಅಂದಳು, ಕೊಂಡಿ ಕಳಚಿದಳು. ಕಳಚಿದ್ದೇ ತಡ, ಟ್ರೈಲರಿನ ಮೂತಿ ತಾನೇ ಆಕಾಶಕ್ಕೆ ಎದ್ದಿತು, ಬಾಲ ಧಡ್ಡನೆ ನೆಲಕ್ಕೆ ಕೂತಿತು.

ಮುರಾರಿ ನಿಂತಲ್ಲೇ ನಿಂತರು. ಇದನ್ನು ಅವರು ಹಿಂದೆ ಕಂಡಿದ್ದರು. ಕಂಡದ್ದೇನು, ಅದರ ತುದಿಯಲ್ಲಿ ನೇತಾಡಿದ್ದರು! ಈ ಊರಿಗೆ ಬಂದ ಹೊಸತು, ಹತ್ತೊಂಬತ್ತು ವಯಸ್ಸು, ಮದುವೆಮನೆಗೆ ಕೈಗಾಡಿಯಲ್ಲಿ ಹಂಡೆ ಎಳೆಯುವ ಕೆಲಸ. ದೊಡ್ಡ ಹಂಡೆಯನ್ನು ಹಿಂದೆ ಹೇರಿದ್ದೇ ತಪ್ಪಾಗಿ, ಲೇಕ್ ಮಾರ್ಕೆಟ್ಟಿನ ನಡುಬೀದಿಯಲ್ಲಿ ಗಾಡಿಯನ್ನು ಹಿಡಿದೆಳೆಯುವ ಮೂಕಿ ಮೇಲೆದ್ದು ಹುಡುಗ ಮುರಾರಿ ಬಾವಲಿಯ ಹಾಗೆ ಜೋತುಬಿದ್ದಿದ್ದ. ಮೀನು ಮಾರುವ ಹೆಂಗಸರು ಹೊಟ್ಟೆ ಹಿಡಿದು ನಕ್ಕಿದ್ದರು. ಊಟ ಮಾಡದೆ ಹಟ ಹಿಡಿದ ಮಗಳಿಗೆ ಆ ಕಥೆ ಎಷ್ಟು ಸಲ ಹೇಳಿ ನಗಿಸಿದ್ದರೋ, ಲೆಕ್ಕವಿಲ್ಲ. “ಭಾರ ಯಾವಾಗ್ಲೂ ಎಳೆಯುವವನ ಕಡೆ ಸ್ವಲ್ಪ ಹೆಚ್ಚಿರ್ಬೇಕು ಮಗಾ” ಎಂದೇ ಕಥೆ ಮುಗಿಯುತ್ತಿತ್ತು. ಹೇಳಿದವರು ಮರೆತಿದ್ದರು, ಕೇಳಿದವಳು ಮರೆತಿರಲಿಲ್ಲ.

“ಗಾಡಿಯದ್ದೇ ತಪ್ಪು ಬಿಡಿ, ನೀವೆಂತ ಮಾಡ್ಲಿಕ್ಕೆ ಆಗ್ತದೆ?” ಗುರುಪ್ರಸಾದ ನಂಬರು ಒತ್ತುತ್ತಿದ್ದ.

ಒಂದು ‘ಹೌದು’ ಅಂದಿದ್ದರೆ ಮುರಾರಿಯ ಮೀಸೆಗೆ ಮಣ್ಣು ತಾಗುತ್ತಿರಲಿಲ್ಲ. ಮಗಳು ತಿರುಗಿ ನೋಡಿದಳು.

“ಫೋನ್ ಇಡು ಮಾರಾಯ!” ಅಂದರು ಮುರಾರಿ. “ಗಾಡಿಯದ್ದಲ್ಲ ತಪ್ಪು. ನನ್ನದು. ಅವಳು ಬೇಡ ಅಂದಿದ್ಲು, ನಾನು ಕೇಳ್ಲಿಲ್ಲ. ಮಗಾ, ಯಾವುದು ಎಲ್ಲಿಗೆ ಹೇಳು.”

ಆಮೇಲೆ ನೋಡಬೇಕಿತ್ತು ಕೆಲಸವನ್ನು! ಡ್ರಮ್ಮಿನ ನೀರನ್ನು ಅಲ್ಲೇ ಚೆಲ್ಲಿದರು. “ನೀರು ಅಲ್ಲಿ ನಲ್ಲಿಯಲ್ಲಿ ಸಿಗ್ತದೆ, ನಾನು ಕೇಳಿ ಇಟ್ಟಿದ್ದೇನೆ” ಎಂದು ಪ್ರಣೀತಾ ಹೇಳಿದಾಗ ಮುರಾರಿ ಹಣೆ ಚಚ್ಚಿಕೊಂಡರು. ಬಾಲ ಹಗುರಾಗಿ ಮೂತಿ ಕೈಗೆ ಬಂತು, ಕೊಂಡಿ ಸಿಕ್ಕಿಸಿದರು. ಮೂವರೂ ಸೇರಿ ಗ್ರೈಂಡರನ್ನು ಅದರ ಚಿಕ್ಕ ಚಕ್ರಗಳ ಮೇಲೆ ಮುಂದಕ್ಕೆ ತಳ್ಳಿ ಹಗ್ಗ ಬಿಗಿದರು. ಎಲೆ, ಲೋಟ ಹಿಂದಕ್ಕೆ ಹೋದವು. ಗುರುಪ್ರಸಾದನ ಇಸ್ತ್ರಿಯ ಅಂಗಿ ಹಿಂಡಿದ ಹಾಗಾಯಿತು. ಇಪ್ಪತ್ತು ನಿಮಿಷದಲ್ಲಿ ಗಾಡಿ ಮತ್ತೆ ರಸ್ತೆಗಿಳಿಯಿತು. ಈ ಸಲ ಬಸ್ಸು ಹಾದರೂ ಲಾರಿ ಹಾದರೂ ಟ್ರೈಲರು ಅಮ್ಮನ ಸೆರಗು ಹಿಡಿದ ಮಗುವಿನಂತೆ ನೆಟ್ಟಗೆ ಹಿಂದೆ ಬಂತು.

ಗೇಟಿನಲ್ಲಿ ಕಾವಲಿನವನು ಪುಸ್ತಕ ಹಿಡಿದು ನಿಂತಿದ್ದ. ಮಾಲೀಕರ ಹೆಸರು? “ಮುರಾರಿ ಭಟ್,” ಅಂದರು ಅಭ್ಯಾಸಬಲದಿಂದ. ಡ್ರೈವರ್? “ಪ್ರಣೀತಾ.” ಕಂಬಿಯ ಕೆಳಗೆ ಗಾಡಿ ನುಸುಳಿತು. ಸಭಾಭವನದ ಹಿಂದಿನ ಓಣಿಯೊಳಕ್ಕೆ ಅವಳು ಟ್ರೈಲರನ್ನು ಹಿಮ್ಮುಖವಾಗಿ ಒಂದೇ ಏಟಿಗೆ ಇಳಿಸಿದಾಗ, ಅಡುಗೆಯವರೆಲ್ಲ ಪಾತ್ರೆ ಬಿಟ್ಟು ನೋಡಿದರು. ಮುರಾರಿ ಎದೆಯುಬ್ಬಿಸಿ ನಿಂತು, ತಾವೇ ಕಲಿಸಿದವರ ಹಾಗೆ ತಲೆಯಾಡಿಸಿದರು.

ಏಳು ಇಪ್ಪತ್ತೆಂಟಕ್ಕೆ ಮೊದಲ ಇಡ್ಲಿ ಎಲೆಗೆ ಬಿತ್ತು. ರಂಗನಾಥರಾಯರು ಮುರಿದರು, ಹಬೆ ಕನ್ನಡಕಕ್ಕೆ ಹತ್ತಿತು. “ಭಾಳ ಛಲೋ ಆಗ್ಯಾವ ಬಿಡ್ರೀ ಭಟ್ರ! ಇಷ್ಟು ಬಿಸಿ ಇಡ್ಲಿ ಈ ಊರಾಗ ತಿಂದ ನೆನಪಿಲ್ಲ ನನಗ.” ಗುರುಪ್ರಸಾದ ಮೂಲೆಯಲ್ಲಿ ಕೂತು ಎಂಟನೆಯದನ್ನು ನುಂಗುತ್ತಿದ್ದ.

ಮಧ್ಯಾಹ್ನದ ಊಟ ಮುಗಿಸಿ ಹೊರಟಾಗ ಖಾಲಿ ಪಾತ್ರೆಗಳನ್ನು ಪ್ರಣೀತಾ ತೋರಿಸಿದಲ್ಲೇ ಇಟ್ಟು ಮುರಾರಿ ಗಾಡಿ ಹತ್ತಿದರು. ಗೇಟಿನಲ್ಲಿ ಅದೇ ಪುಸ್ತಕ ಬಂತು. ಕಾವಲಿನವನು ಸಹಿ ಹಾಕಿ ಎಂದ. ಮುರಾರಿ ಪೆನ್ನು ತೆಗೆದುಕೊಂಡರು, ಮಾಲೀಕರ ಜಾಗದಲ್ಲಿದ್ದ ತಮ್ಮ ಹೆಸರಿಗೆ ಒಂದು ಗೆರೆ ಎಳೆದು ಮೇಲೆ ‘ಪ್ರಣೀತಾ ಭಟ್’ ಎಂದು ದುಂಡಗೆ ಬರೆದರು.

“ಅಪ್ಪ!” ಅಂದಳು ಅವಳು. ಬೈಪಾಸಿನಲ್ಲಿ ಸ್ಟೀರಿಂಗ್ ಬಿಡದ ಕೈ ಈಗ ಅದನ್ನು ಬಿಟ್ಟು ಪುಸ್ತಕವನ್ನು ತನ್ನ ಕಡೆ ಎಳೆದುಕೊಂಡಿತು.

ಕಾವಲಿನವನಿಗೆ ಗೊಂದಲವಾಯಿತು. “ಮಾಲೀಕರು ಇವರಾದರೆ ನೀವು ಯಾರು?” ಎಂದು ಹಿಂದಿಯಲ್ಲಿ ಕೇಳಿದ.

“ನಾನು ಲೋಡ್ ಮಾಡುವವ,” ಅಂದರು ಮುರಾರಿ ಭಟ್ಟರು, ಸೀಟಿಗೆ ಒರಗಿ. “ಅವಳು ಹೇಳಿದ ಹಾಗೆ.”